ದಡದ ಗುರುತೂ ಕಡಲಿನ ಸೆಳವೂ

ಕಳೆದ ತಿಂಗಳು ಇದೇ ಶೀರ್ಷಿಕೆಯ ಕೆಳಗೆ ದಿಕ್ಸೂಚಿಯ ವಿಚಾರವಾಗಿ ನಾಲ್ಕು ಮಾತುಗಳನ್ನು ಬರೆದಿದ್ದೆವು. ಅದನ್ನು ಓದಿದ ಗೃಹಸ್ಥರೊಬ್ಬರು ನಮಗೊಂದು ಸಂದೇಹವನ್ನು ಬರೆದು ಕಳುಹಿಸಿರುವರು. "ಹಡಗಿನವನ ಕೈಯಲ್ಲಿ ದಿಕ್ಸೂಚಿಯಿರುವುದು, ಕಡಲಿನ ನಕಾಶೆಯಿರುವುದು, ಹಡಗಿನ ವೇಗವೆಷ್ಟೆಂಬುದೂ ಅವನಿಗೆ ಗೊತ್ತು. ಹೀಗಿದ್ದ ಮೇಲೆ, ಕಣ್ಣಿಗೆ ಕಾಣುವ ದಡದ ಬಳಿಯಲ್ಲಿಯೇ ಹಡಗುಗಳು ಬಂಡೆಗೆ ಬಡಿದು ಒಡೆಯುವುದೇತಕ್ಕೆ?" ಎಂಬುದೇ ಆ ಸಂದೇಹ.

ಸಂದೇಹವು ಯೋಗ್ಯವಾದುದೇ ಸರಿ. ಅದಕ್ಕೆ ಉತ್ತರವನ್ನು ಒಂದು ವಾಕ್ಯದಲ್ಲಿ ಹೇಳಬಹುದು. ದಿಕ್ಸೂಚಿಯು ಹಡಗಿನ ಮೂತಿಯು ಎತ್ತ ತಿರುಗಿದೆಯೆಂಬುದನ್ನು ತೋರಿಸುವುದೇ ಹೊರತು, ಹಡಗು ಎತ್ತ ಸಾಗುತ್ತಿದೆಯೆಂಬುದನ್ನು ತೋರಿಸಲಾರದು. ಇವೆರಡೂ ಒಂದೇ ಎಂದು ನಾವು ನೆಲದ ಮೇಲೆ ನಡೆಯುವವರು ತಿಳಿಯುವೆವು. ನೀರಿನ ಮೇಲೆ ಇವೆರಡೂ ಬೇರೆ ಬೇರೆ. ಈ ಭೇದವನ್ನು ನಾವಿಕನು ಹೇಗೆ ಕಂಡುಹಿಡಿಯುವನೆಂಬುದನ್ನೇ ಈ ಸಲ ವಿವರಿಸುವೆವು.

ತುಂಬಿದ ಹೊಳೆಯನ್ನು ಹರಿಗೋಲಿನಲ್ಲಾಗಲಿ ದೋಣಿಯಲ್ಲಾಗಲಿ ದಾಟಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅಂಬಿಗನು ಆಚೆಯ ದಡದ ಕಟ್ಟೆಗೆ ನೇರವಾಗಿ ಹುಟ್ಟು ಹಾಕುವುದಿಲ್ಲ. ಕಟ್ಟೆಗಿಂತ ಎಷ್ಟೋ ಮೇಲಕ್ಕೆ, ಹೊಳೆ ಬರುವ ಕಡೆಗೆ ಮುಖಮಾಡಿ ದೋಣಿಯನ್ನು ನಡೆಸುವನು. ಹೊಸಬರಿಗೆ ಅವನು ದಾರಿ ತಪ್ಪಿದನೆಂದೇ ತೋರುವುದು. ಆದರೆ ನೀರು ಅವನನ್ನು ಕೆಳಕ್ಕೆ ಸೆಳೆಯುತ್ತಿರುವುದರಿಂದ, ಮೇಲಕ್ಕೆ ಮುಖಮಾಡಿದ ದೋಣಿಯು ಸರಿಯಾಗಿ ಕಟ್ಟೆಗೇ ಬಂದು ಸೇರುವುದು. ಹೊಳೆಯಲ್ಲಿ ಈ ಸೆಳವು ಕಣ್ಣಿಗೆ ಕಾಣುವುದು. ಎರಡು ದಡಗಳೂ ಹತ್ತಿರದಲ್ಲಿರುವುವು.

ಕಡಲಿನಲ್ಲಾದರೋ ಹಾಗಲ್ಲ. ಅಲ್ಲಿ ಹತ್ತಾರು ಮೈಲಿಗಳ ನೀರೆಲ್ಲವೂ ಒಟ್ಟಾಗಿ ಒಂದು ಕಡೆಗೆ ಮೆಲ್ಲನೆ ಸರಿಯುತ್ತಿರುವುದು. ಅದರ ಮೇಲಿರುವ ಹಡಗೂ ಅದರೊಡನೆಯೇ ಸರಿಯುವುದು. ಎತ್ತಿನ ಗಾಡಿಯಲ್ಲಿ ಮಲಗಿ ನಿದ್ದೆಹೋದ ಕೂಸಿಗೆ ಗಾಡಿ ಯಾವ ತಿರುವಿನಲ್ಲಿ ತಿರುಗಿತೆಂಬುದು ಹೇಗೆ ತಿಳಿಯದೋ ಹಾಗೆಯೇ ಹಡಗಿನಲ್ಲಿದ್ದವರಿಗೂ ಈ ಸರಿತವು ತಿಳಿಯದು. ಹಡಗಿನ ವೇಗವನ್ನು ಅಳೆಯಲು ಹಿಂದಿನಿಂದಲೂ ಬಳಸುತ್ತ ಬಂದಿರುವ ಸಾಧನವು ನೀರನ್ನು ಹಾದುಹೋಗುವ ವೇಗವನ್ನು ಹೇಳುವುದಲ್ಲದೆ, ಆ ನೀರೇ ಎಷ್ಟು ಸರಿಯಿತೆಂಬುದನ್ನು ಹೇಳದು. ಆದುದರಿಂದ ಸೆಳವನ್ನು ಅರಿಯಬೇಕಾದರೆ ನೀರಿನೊಡನೆ ಸರಿಯದಿರುವ ವಸ್ತುವೊಂದು ಬೇಕು. ಅಂತಹ ವಸ್ತುವು ನೆಲವೊಂದೇ. ದಡದ ಮೇಲಿನ ದೀಪಸ್ತಂಭ, ಗುಡ್ಡದ ತುದಿ, ದೇಗುಲದ ಗೋಪುರ, ಒಂಟಿ ತಾಳೆಮರ, ಇವುಗಳೇ ನಾವಿಕನಿಗೆ ನಂಬಿಕೆಯ ಸಾಕ್ಷಿಗಳು.

ಈಗ ಮುಖ್ಯವಾದ ವಿಷಯಕ್ಕೆ ಬರುವೆವು. ಹಡಗಿನಲ್ಲಿ ನಿಂತು ಒಂದು ಗುರುತನ್ನು ನೋಡಿದಾಗ ಅದು ಯಾವ ದಿಕ್ಕಿನಲ್ಲಿ ಕಾಣುವುದೆಂಬುದನ್ನು ದಿಕ್ಸೂಚಿಯಿಂದ ಅಳೆಯಬಹುದು. ಇದನ್ನು ನಾವು ಆ ಗುರುತಿನ 'ನೋಟದ ದಿಕ್ಕು' ಎಂದು ಕರೆಯೋಣ. ಉತ್ತರದಿಂದ ಮೊದಲುಮಾಡಿ ಪೂರ್ವದ ಕಡೆಗೆ ಸುತ್ತುತ್ತ, ಮಂಡಲವನ್ನೆಲ್ಲ 360 ಡಿಗ್ರಿಗಳಾಗಿ ಎಣಿಸುವರು. ವಾಚಕರಲ್ಲಿ ಯಾರಾದರೂ ಕೈಯನ್ನು ನೀಳವಾಗಿ ಚಾಚಿ ಮುಷ್ಟಿಯನ್ನು ಹಿಡಿದರೆ, ಆ ಮುಷ್ಟಿಯ ಅಗಲವು ಕಣ್ಣಿಗೆ ಸುಮಾರು 10 ಡಿಗ್ರಿಗಳಷ್ಟನ್ನು ಮರೆಮಾಡುವುದು. ಈ ಅಳತೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುವುದು.

ಒಂದು ಹಡಗು ರಾತ್ರಿಯ ವೇಳೆ ನೇರವಾಗಿ ಉತ್ತರಕ್ಕೆ ಸಾಗುತ್ತಿದೆಯೆನ್ನೋಣ. ಅದರ ವೇಗವು ಗಂಟೆಗೆ 6 ಕಡಲ ಮೈಲಿ. ಕಡಲ ಮೈಲಿಯೆಂದರೆ 1,852 ಮೀಟರು. ಗಂಟೆಗೆ ಒಂದು ಕಡಲ ಮೈಲಿಯ ವೇಗಕ್ಕೆ ನಾವಿಕರು ಒಂದು 'ನಾಟ್' ಎನ್ನುವರು. ಎದುರಿಗೆ 12 ಮೈಲಿ ದೂರದಲ್ಲಿ, ಸರಿಯಾಗಿ ಉತ್ತರಕ್ಕೆ, ಒಂದು ದೀಪಸ್ತಂಭವು ಹೊಳೆಯುತ್ತಿದೆ. ಅಲ್ಲಿನ ನೀರು ಗಂಟೆಗೆ ಒಂದು ಮೈಲಿಯಂತೆ ಪೂರ್ವಕ್ಕೆ ಸೆಳೆಯುತ್ತಿದೆ. ಆದರೆ ಈ ಸಂಗತಿಯು ಹಡಗಿನವರಿಗೆ ಗೊತ್ತಿಲ್ಲ. ಚುಕ್ಕಾಣಿ ಹಿಡಿದವನು ಮೂತಿಯನ್ನು ಉತ್ತರದಿಂದ ಕೂದಲೆಳೆಯಷ್ಟೂ ಕದಲಿಸದೆ ಒಂದು ಗಂಟೆ ನಡೆಸಿದನು. ಈಗ ಹಡಗು 6 ಮೈಲಿ ಉತ್ತರಕ್ಕೆ ಬಂದಿದೆ; ಅದರೊಡನೆ ಒಂದು ಮೈಲಿ ಪೂರ್ವಕ್ಕೂ ಸರಿದಿದೆ. ದಿಕ್ಸೂಚಿಯನ್ನು ನೋಡಿದರೆ ಎಲ್ಲವೂ ಸರಿಯಾಗಿರುವಂತೆಯೇ ತೋರುವುದು. ಆದರೆ ದೀಪವನ್ನು ನೋಡಿದರೆ ಅದು ಮೂತಿಯ ನೇರದಿಂದ ಎಡಕ್ಕೆ ಒಂಬತ್ತೂವರೆ ಡಿಗ್ರಿ, ಎಂದರೆ ಹೆಚ್ಚುಕಡಿಮೆ ಒಂದು ಮುಷ್ಟಿಯಷ್ಟು, ಸರಿದಿರುವುದು.

ದೀಪಸ್ತಂಭವು ಕದಲಲಾರದಷ್ಟೆ. ಕದಲಿದುದು ಹಡಗು. ಗುರುತು ಎಡಕ್ಕೆ ಸರಿದರೆ ನಾವು ಬಲಕ್ಕೆ ಸರಿದೆವೆಂದೂ, ಬಲಕ್ಕೆ ಸರಿದರೆ ನಾವು ಎಡಕ್ಕೆ ಸರಿದೆವೆಂದೂ ತಿಳಿಯತಕ್ಕದ್ದು. ಈ ವಿದ್ಯೆಯ ಮೊದಲನೆಯ ಪಾಠವು ಇಷ್ಟೇ.

ಎರಡನೆಯ ಪಾಠದಲ್ಲಿ ಅನೇಕರು ಎಡವುವರು. ದೀಪವು ಎಡಕ್ಕೆ ಸರಿದುದನ್ನು ಕಂಡ ಹೊಸ ಚುಕ್ಕಾಣಿಗನು ಕೂಡಲೆ ಮೂತಿಯನ್ನು ಮರಳಿ ದೀಪಕ್ಕೆ ತಿರುಗಿಸುವನು. ಸ್ವಲ್ಪ ಹೊತ್ತಿನ ಮೇಲೆ ದೀಪವು ಮತ್ತೆ ಎಡಕ್ಕೆ ಸರಿಯುವುದು, ಮತ್ತೆ ತಿರುಗಿಸುವನು. ದೀಪವು ಯಾವಾಗಲೂ ಮೂತಿಯ ನೇರದಲ್ಲಿಯೇ ಇರುವುದರಿಂದ ತಾನು ಸರಿಯಾದ ದಾರಿಯಲ್ಲಿರುವೆನೆಂದು ಅವನ ಭಾವನೆ. ವಾಸ್ತವವಾಗಿ ಹಡಗು ನೇರವಾದ ಗೆರೆಯನ್ನು ಬಿಟ್ಟು ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಹೋಗುತ್ತಿರುವುದು. ಆ ಬಾಗಿನಲ್ಲಿ ಬಂಡೆಯೊಂದಿದ್ದರೆ ದೀಪವನ್ನು ಎದುರಿಗಿಟ್ಟುಕೊಂಡೇ ಹಡಗು ಬಂಡೆಗೆ ಬಡಿಯುವುದು.

ಬಲ್ಲವನು ಮಾಡುವುದು ಬೇರೆ. ಸೆಳವು ಪೂರ್ವಕ್ಕಿದೆಯೆಂದು ಮೊದಲೇ ಗೊತ್ತಿದ್ದರೆ ಅವನು ಹೊರಡುವಾಗಲೇ ಮೂತಿಯನ್ನು ಸುಮಾರು 10 ಡಿಗ್ರಿ ಎಡಕ್ಕೆ, ಸೆಳವು ಬರುವ ಕಡೆಗೆ ತಿರುಗಿಸಿ, ಅಲ್ಲಿಯೇ ಬಿಗಿಹಿಡಿಯುವನು. ಆಗ ದೀಪವು ಮೂತಿಯ ನೇರದಲ್ಲಿರುವುದಿಲ್ಲ. ಸ್ವಲ್ಪ ಬಲಕ್ಕೆ ಕಾಣುವುದು. ಆದರೆ ಅದರ ನೋಟದ ದಿಕ್ಕು ಮಾತ್ರ ಗಂಟೆಗಟ್ಟಲೆ ಬದಲಾಗದೆ, ಸರಿಯಾಗಿ ಉತ್ತರಕ್ಕೆ ನಿಂತಿರುವುದು. ಹಡಗು ದೀಪದ ಕಡೆಗೆ ನೇರವಾಗಿ ಹೋಗುತ್ತಿದೆಯೆಂಬುದಕ್ಕೆ ಇದೇ ಗುರುತು. ಇದು ಹೊಳೆಯ ಅಂಬಿಗನು ಮಾಡಿದ ಉಪಾಯವೇ ಅಲ್ಲವೆ? ಇದೇ ನಿಯಮದ ಇನ್ನೊಂದು ಮುಖವನ್ನೂ ಹೇಳಿಬಿಡುವೆವು. ಎದುರಿನಿಂದ ಬರುವ ಮತ್ತೊಂದು ಹಡಗಿನ ನೋಟದ ದಿಕ್ಕು ಬದಲಾಗದೆ ದೂರವು ಮಾತ್ರ ಕುಗ್ಗುತ್ತ ಬಂದರೆ, ಎರಡು ಹಡಗುಗಳೂ ಡಿಕ್ಕಿ ಹೊಡೆಯುವುವೆಂದು ತಿಳಿದು ಎಚ್ಚರಗೊಳ್ಳಬೇಕು.

ದಿಕ್ಸೂಚಿಯ ನೆರವೇ ಇಲ್ಲದೆ ಸೆಳವನ್ನು ಅರಿಯುವ ಉಪಾಯವೂ ಉಂಟು. ಅದನ್ನು ಮನೆಯ ಜಗಲಿಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಜಗಲಿಯ ಎರಡು ಕಂಬಗಳು ಒಂದರ ಹಿಂದೊಂದು ಮರೆಯಾಗುವಂತೆ ನಿಂತುಕೊಳ್ಳಿರಿ. ಈಗ ಒಂದೇ ಹೆಜ್ಜೆ ಬಲಕ್ಕೆ ಸರಿಯಿರಿ. ಹಿಂದಿನ ಕಂಬವು ಮುಂದಿನ ಕಂಬದ ಬಲಮಗ್ಗುಲಿನಿಂದ ಇಣಿಕುವುದು. ಎಡಕ್ಕೆ ಸರಿದರೆ ಎಡಮಗ್ಗುಲಿನಿಂದ ಇಣಿಕುವುದು. ದೂರದ ಗುರುತು ಎತ್ತ ಇಣಿಕುವುದೋ ಅತ್ತ ನಾವು ಸರಿದೆವೆಂದು ಅರ್ಥ. ಮರಳಿ ಗೆರೆಗೆ ಬರಬೇಕಾದರೆ ಹತ್ತಿರದ ಗುರುತು ಇರುವ ಕಡೆಗೆ ಸರಿಯಬೇಕು. ಬಂದರುಗಳ ಬಾಯಲ್ಲಿ, ಆಳವಾದ ಕಾಲುವೆಯ ನೇರಕ್ಕೆ, ಹಿಂದೊಂದು ಮುಂದೊಂದು ಎರಡು ದೀಪಗಳನ್ನು ನಿಲ್ಲಿಸುವುದು ಇದಕ್ಕಾಗಿಯೇ. ಅವೆರಡೂ ಒಂದರ ಮೇಲೊಂದು ಕಾಣುವವರೆಗೆ ಹಡಗು ಕಾಲುವೆಯಲ್ಲಿದೆ; ಬೇರ್ಪಟ್ಟ ಕ್ಷಣವೇ ಸೆಳವು ಕೈಹಾಕಿದೆಯೆಂದು ಗೊತ್ತಾಗುವುದು. ಲೋಕದ ಅನೇಕ ಕರಾವಳಿಗಳ ಬೆಸ್ತರು ಯಂತ್ರವೊಂದನ್ನೂ ಕಾಣದೆ, ಗುಡ್ಡವನ್ನೂ ಮರವನ್ನೂ ಹೀಗೆ ಒಂದರ ನೇರಕ್ಕೊಂದನ್ನು ಹಿಡಿದು, ಮೀನು ಸಿಕ್ಕುವ ಅದೇ ತಾವಿಗೆ ಮರಳಿ ಮರಳಿ ಹೋಗುತ್ತ ಬಂದಿರುವರು.

ಇಷ್ಟರವರೆಗೆ ಹೇಳಿದುದು ಹಡಗನ್ನು ಪಕ್ಕಕ್ಕೆ ತಳ್ಳುವ ಸೆಳವಿನ ಮಾತು. ಸೆಳವು ಎದುರಿನಿಂದಲೋ ಹಿಂದಿನಿಂದಲೋ ಬಂದರೆ? ಆಗ ಎದುರಿನ ದೀಪವು ಎಡಕ್ಕೂ ಸರಿಯದು, ಬಲಕ್ಕೂ ಸರಿಯದು. ಹಡಗು ದಾರಿ ತಪ್ಪುವುದಿಲ್ಲ, ಲೆಕ್ಕ ತಪ್ಪುವುದು. ಇದನ್ನು ತೋರಿಸಿಕೊಡುವುದು ಪಕ್ಕದ ಗುರುತು. ಗಂಟೆಗೆ 8 ಮೈಲಿಯಂತೆ ದಡದ ಉದ್ದಕ್ಕೂ ಹೋಗುವ ಹಡಗಿಗೆ 16 ಮೈಲಿ ಅಂತರದ ಎರಡು ದೀಪಸ್ತಂಭಗಳಿವೆಯೆನ್ನೋಣ. ಮೊದಲನೆಯದು ಸರಿಯಾಗಿ ಪಕ್ಕಕ್ಕೆ ಬಂದ ಗಳಿಗೆಯನ್ನು ಬರೆದಿಟ್ಟರೆ, ಎರಡನೆಯದು 2 ಗಂಟೆಗೆ ಪಕ್ಕಕ್ಕೆ ಬರಬೇಕು. ಅದು 2 ಗಂಟೆ 17 ನಿಮಿಷಕ್ಕೆ ಬಂದಿತಾದರೆ, ಹಡಗು ನೆಲದ ಲೆಕ್ಕದಲ್ಲಿ ಗಂಟೆಗೆ 7 ಮೈಲಿಯಷ್ಟೇ ಸಾಗಿದೆ. ಉಳಿದ ಒಂದು ಮೈಲಿಯನ್ನು ಎದುರು ಸೆಳವು ನುಂಗಿದೆ. ಪಕ್ಕದ ಗುರುತು ಇನ್ನೂ ಮುಂದಕ್ಕೇ ಕಾಣುತ್ತಿರುವಾಗ ಅದನ್ನು ದಾಟಿದೆವೆಂದು ಭಾವಿಸುವುದಕ್ಕಿಂತ ದೊಡ್ಡ ಅಪಾಯವು ಕರಾವಳಿಯ ಪ್ರಯಾಣದಲ್ಲಿ ಮತ್ತೊಂದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸಂಗವು ಬರುವುದು.

ಸೆಳವು ಎತ್ತಲಿಂದಲಾದರೂ ಬರಲಿ, ಅದರ ದಿಕ್ಕನ್ನೂ ಬಲವನ್ನೂ ಒಟ್ಟಿಗೆ ಅರಿಯುವ ಬಗೆಯು ಹೀಗೆ. ಹೊರಟ ಸ್ಥಳದಿಂದ, ದಿಕ್ಕು ವೇಗ ಕಾಲಗಳನ್ನು ಗುಣಿಸಿ, ಹಡಗು ಈಗ ಎಲ್ಲಿರಬೇಕೆಂದು ನಕಾಶೆಯಲ್ಲಿ ಒಂದು ಚುಕ್ಕೆಯಿಡುವರು. ಇದು ಲೆಕ್ಕದ ಸ್ಥಾನ. ಬಳಿಕ ದಡದ ಎರಡು ಗುರುತುಗಳ ನೋಟದ ದಿಕ್ಕನ್ನು ಅಳೆದು, ಆ ಗುರುತುಗಳಿಂದ ನಕಾಶೆಯ ಮೇಲೆ ಎರಡು ಗೆರೆಗಳನ್ನೆಳೆಯುವರು. ಅವು ಕೂಡುವ ಕಡೆಯೇ ಹಡಗು ನಿಜವಾಗಿ ಇರುವ ಸ್ಥಾನ. ಮೂರನೆಯ ಗುರುತಿನ ಗೆರೆಯೂ ಅಲ್ಲಿಯೇ ಹಾದುಹೋದರೆ ಸಂಶಯಕ್ಕೆ ಎಡೆಯಿಲ್ಲ. 2 ಗಂಟೆಯ ಪ್ರಯಾಣದ ಮೇಲೆ ಈ ನಿಜವಾದ ಸ್ಥಾನವು ಲೆಕ್ಕದ ಸ್ಥಾನದಿಂದ 3 ಮೈಲಿ ಆಗ್ನೇಯಕ್ಕೆ ಬಿದ್ದಿತೆಂದರೆ, ಸೆಳವು ಆಗ್ನೇಯಕ್ಕೆ, ಗಂಟೆಗೆ ಒಂದೂವರೆ ಮೈಲಿ. ಮುಂದಿನ ಗಂಟೆಯ ಲೆಕ್ಕದಲ್ಲಿ ಇದನ್ನು ಸೇರಿಸಿಕೊಂಡರಾಯಿತು. ಇಲ್ಲಿ ಒಂದು ಮಾತಿನ ಭೇದವನ್ನು ಗಮನಿಸಬೇಕು. ಪಡುವಣ ಗಾಳಿಯೆಂದರೆ ಪಡುವಲಿಂದ ಬರುವ ಗಾಳಿ. ಆದರೆ ನಾವಿಕರು ಪಡುವಣ ಸೆಳವೆಂದರೆ ಅದು ಪಡುವಲಿಗೆ ಹೋಗುವ ಸೆಳವು. ಗಾಳಿಗೆ ಹುಟ್ಟಿದ ಕಡೆಯ ಹೆಸರು, ನೀರಿಗೆ ಹೋಗಿ ಸೇರುವ ಕಡೆಯ ಹೆಸರು.

ಎಚ್ಚರಿಕೆಯ ಮಾತುಗಳು ಎರಡು ಮೂರುಂಟು. ಹಡಗನ್ನು ಪಕ್ಕಕ್ಕೆ ತಳ್ಳುವುದು ನೀರೊಂದೇ ಅಲ್ಲ, ಗಾಳಿಯೂ ತಳ್ಳುವುದು. ಗುರುತುಗಳು ಹೇಳುವುದು ಎರಡರ ಮೊತ್ತವನ್ನು. ದಿಕ್ಸೂಚಿಯ ಬಳಿಯಲ್ಲಿ ಕಬ್ಬಿಣದ ಸಾಮಾನಿದ್ದರೆ ಮುಳ್ಳು ವಾಲಿ, ಇಲ್ಲದ ಸೆಳವನ್ನು ತೋರಿಸಬಹುದು. ನೀರಿನ ಮೇಲೆ ಸರಪಳಿ ಕಟ್ಟಿ ತೇಲಬಿಟ್ಟ ಬುರುಡೆಗಳನ್ನು ಗುರುತೆಂದು ಪೂರ್ಣವಾಗಿ ನಂಬಲಾಗದು. ಬಿರುಗಾಳಿಯಲ್ಲಿ ಅವು ತಾವಾಗಿಯೇ ಸ್ಥಳ ಬಿಟ್ಟಿರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಸಲ ನೋಡಿದ ನೋಟದಿಂದ ಸೆಳವು ತಿಳಿಯದು. ಹತ್ತು ಹದಿನೈದು ನಿಮಿಷಗಳಿಗೊಮ್ಮೆ ನೋಡಿ, ಬರೆದಿಟ್ಟು, ಹೋಲಿಸಿದರೆ ಮಾತ್ರವೇ ತಿಳಿಯುವುದು.

ನಮ್ಮ ಕನ್ನಡದ ಕರಾವಳಿಗೂ ಈ ವಿಷಯವು ಹೊರತಲ್ಲ. ಕಾರವಾರದ ಹೊರಗೆ ದ್ವೀಪದ ಮೇಲೆ 1864ರಲ್ಲಿ ಕಟ್ಟಿದ ದೀಪಸ್ತಂಭವೂ, ಉಡುಪಿಯ ದಕ್ಷಿಣಕ್ಕೆ ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವೂ ಇಂತಹ ಗುರುತುಗಳೇ. ಈ ಕರಾವಳಿಯ ಸೆಳವಿಗೆ ಒಂದು ವಿಶೇಷವುಂಟು. ನೈಋತ್ಯದ ಮಳೆಗಾಲದಲ್ಲಿ ಅದು ದಡದ ಉದ್ದಕ್ಕೂ ದಕ್ಷಿಣಕ್ಕೆ ಹರಿಯುವುದು. ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲದಲ್ಲಿ ತಿರುಗಿ ಉತ್ತರಕ್ಕೆ ಹರಿಯುವುದು. ಆಗ ಅಲ್ಲಿ ಗಾಳಿಯು ಹೆಚ್ಚಾಗಿ ಉತ್ತರದ ಕಡೆಯಿಂದಲೇ ಬೀಸುತ್ತಿದ್ದರೂ ನೀರು ಅದಕ್ಕೆ ಎದುರಾಗಿ ಹೋಗುವುದು ಸೋಜಿಗವಲ್ಲವೆ? ಆದುದರಿಂದ ಗಾಳಿಯನ್ನು ನೋಡಿ ಸೆಳವನ್ನು ಊಹಿಸಹೋದವನು ಮೋಸಹೋಗುವನು. ಆಷಾಢದ ಲೆಕ್ಕವು ಪುಷ್ಯಮಾಸಕ್ಕೆ ನಡೆಯದು. ಆಯಾ ದಿನದ ಸೆಳವನ್ನು ಆಯಾ ದಿನವೇ ದಡದ ಗುರುತಿನಿಂದ ಅಳೆದುಕೊಳ್ಳಬೇಕು.

ಹಾಗೆ ಅಳೆಯದಿದ್ದರೆ, ಅಥವಾ ಅಳೆದುದನ್ನು ನಂಬದಿದ್ದರೆ, ಏನಾಗುವುದೆಂಬುದಕ್ಕೆ ದೂರದೇಶದ ಒಂದು ದುರಂತವನ್ನು ಹೇಳಿ ಮುಗಿಸುವೆವು. 1923ನೆಯ ಸೆಪ್ಟೆಂಬರ್ 8ರಂದು ಅಮೆರಿಕದ ನೌಕಾಬಲಕ್ಕೆ ಸೇರಿದ 14 ಡಿಸ್ಟ್ರಾಯರ್ ಹಡಗುಗಳು ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೋವಿನಿಂದ ದಕ್ಷಿಣಕ್ಕೆ ಸ್ಯಾನ್ ಡಿಯಾಗೋವಿಗೆ ಹೊರಟವು. ಮುಂದಿನ ಹಡಗು 'ಡೆಲ್ಫಿ'. ಅದರಲ್ಲಿ ದಳಪತಿ ಕ್ಯಾಪ್ಟನ್ ಎಡ್ವರ್ಡ್ ವಾಟ್ಸನ್ನನಿದ್ದನು. ಉಳಿದುವು ಅದರ ಹಿಂದೆ ಸಾಲಾಗಿ, 20 ನಾಟ್ ವೇಗದಲ್ಲಿ ಬರುತ್ತಿದ್ದವು. ಮಬ್ಬು ಕವಿದು ದಡವು ಕಾಣದಾಯಿತು. ನಾವಿಕಾಧಿಕಾರಿಗಳು ದಿಕ್ಕು ವೇಗ ಕಾಲಗಳ ಲೆಕ್ಕವನ್ನೇ ಹಿಡಿದು ಹಡಗು ಎಲ್ಲಿದೆಯೆಂದು ನಿರ್ಣಯಿಸುತ್ತ ಬಂದರು.

ಕಣ್ಣಿಗೆ ಕಾಣದಿದ್ದರೂ ಗುರುತೊಂದು ಇರದೆ ಇರಲಿಲ್ಲ. ದಡದ ಮೇಲೆ ಪಾಯಿಂಟ್ ಆರ್ಗ್ವೆಲೊ ಎಂಬ ಭೂಶಿರದಲ್ಲಿ ರೇಡಿಯೋ ನಿಲಯವೊಂದಿದ್ದಿತು. ಹಡಗಿನ ಸಂಕೇತವು ಯಾವ ದಿಕ್ಕಿನಿಂದ ಬರುವುದೆಂದು ಅಳೆದು ಹಡಗಿಗೆ ತಿಳಿಸುವುದು ಅದರ ಕೆಲಸ. ಎಂದರೆ ದೀಪವನ್ನು ನೋಡಿ ಅಳೆಯುವ ನೋಟದ ದಿಕ್ಕನ್ನೇ ಅದು ಕಿವಿಯಿಂದ ಅಳೆದುಕೊಡುತ್ತಿದ್ದಿತು. ನೀವು ನಮಗೆ ವಾಯವ್ಯದಲ್ಲಿರುವಿರಿ, ಎಂದರೆ ನಮ್ಮನ್ನು ಇನ್ನೂ ದಾಟಿಲ್ಲವೆಂಬ ಅರ್ಥದ ಉತ್ತರವು ನಿಲಯದಿಂದ ಬಂದಿತು. ಆದರೆ ಹಡಗಿನವರ ಲೆಕ್ಕದ ಪ್ರಕಾರ ಅವರು ಆ ಭೂಶಿರವನ್ನು ದಾಟಿ ದಕ್ಷಿಣಕ್ಕೆ ಬಂದಿದ್ದರು. ಆ ಕಾಲದ ಯಂತ್ರಗಳು ಒಂದು ದಿಕ್ಕನ್ನೂ ಅದರ ಸರಿಯೆದುರಿನ ದಿಕ್ಕನ್ನೂ ಒಮ್ಮೊಮ್ಮೆ ಅದಲುಬದಲಾಗಿ ಹೇಳುವುದುಂಟು. ಆದುದರಿಂದ ನಿಲಯದವರೇ ತಪ್ಪಿರಬೇಕೆಂದು ಅಧಿಕಾರಿಗಳು ನಿಶ್ಚಯಿಸಿದರು. ನೀರಿನ ಆಳವನ್ನು ಅಳೆದು ನೋಡಬಹುದಾಗಿದ್ದಿತು. ಅದಕ್ಕೆ ವೇಗವನ್ನು ತಗ್ಗಿಸಬೇಕಾದುದರಿಂದ ಅದನ್ನೂ ಮಾಡಲಿಲ್ಲ.

ರಾತ್ರಿ 9 ಗಂಟೆಗೆ, ಸ್ಯಾಂಟ ಬಾರ್ಬರಾ ಎಂಬ ಕಡಲ್ಗಾಲುವೆಯ ಬಾಯಿಗೆ ಬಂದೆವೆಂದು ತಿಳಿದು, ಡೆಲ್ಫಿಯನ್ನು ಪೂರ್ವಕ್ಕೆ ತಿರುಗಿಸಿದರು. ಅಲ್ಲಿ ಕಾಲುವೆಯಿರಲಿಲ್ಲ. ಆರ್ಗ್ವೆಲೊವಿನ ಉತ್ತರಕ್ಕಿರುವ ಹೋಂಡಾ ಎಂಬಲ್ಲಿನ ಬಂಡೆಗಳಿದ್ದವು. ಕೆಲವೇ ನಿಮಿಷಗಳಲ್ಲಿ ಡೆಲ್ಫಿ ಬಂಡೆಗೆ ಬಡಿಯಿತು. ಹಿಂದೆ ಬರುತ್ತಿದ್ದ ಹಡಗುಗಳು ಒಂದಾದ ಮೇಲೊಂದು ಅದೇ ಬಂಡೆಗಳ ಮೇಲೇರಿದವು. ಒಟ್ಟು ಏಳು ಹಡಗುಗಳು ನಾಶವಾದವು. 23 ಮಂದಿ ನಾವಿಕರು ಪ್ರಾಣವನ್ನು ಕಳೆದುಕೊಂಡರು. ಅವರಲ್ಲಿ 20 ಮಂದಿ, ಮಗುಚಿಬಿದ್ದ 'ಯಂಗ್' ಎಂಬ ಒಂದೇ ಹಡಗಿನವರು. ಹಿಂದಿನ ಸಾಲಿನವರು ಎಚ್ಚತ್ತು ವೇಗವನ್ನು ತಗ್ಗಿಸಿದುದರಿಂದ ಉಳಿದ ಹಡಗುಗಳು ಉಳಿದುಕೊಂಡವು. ಅದಕ್ಕೆ ಒಂದು ವಾರ ಮುಂಚೆ, ಸೆಪ್ಟೆಂಬರ್ 1ರಂದು ಜಪಾನಿನಲ್ಲಾದ ಮಹಾಭೂಕಂಪದಿಂದ ಶಾಂತಸಾಗರದ ಸೆಳವುಗಳು ಕದಡಿದ್ದವೆಂದು ಅನೇಕರ ಅಭಿಪ್ರಾಯ. ಕಾರಣವೇನೇ ಇರಲಿ, ಹಡಗುಗಳು ಲೆಕ್ಕದಷ್ಟು ದೂರ ದಕ್ಷಿಣಕ್ಕೆ ಬಂದಿರಲಿಲ್ಲವೆಂಬುದು ನಿಜ. ವಾಟ್ಸನ್ನನು ಹೊಣೆಯನ್ನು ಪರರ ಮೇಲೆ ಹೊರಿಸದೆ, ತಪ್ಪು ತನ್ನದೆಂದು ನ್ಯಾಯಮಂಡಲಿಯ ಮುಂದೆ ಒಪ್ಪಿಕೊಂಡನು.

ನಮಗೆ ಈ ಕಥೆಯಲ್ಲಿ ಮನಸ್ಸಿಗೆ ನಾಟುವುದು ಇದು: ಅವರಿಗೆ ಗುರುತು ಸಿಗದೆ ಹೋಗಲಿಲ್ಲ, ಸಿಕ್ಕಿದ ಗುರುತು ಅವರ ಲೆಕ್ಕಕ್ಕೆ ಒಪ್ಪಲಿಲ್ಲ, ಅಷ್ಟೇ. ಗುರುತು ಒಂದು ಹೇಳಿ ಲೆಕ್ಕವು ಇನ್ನೊಂದು ಹೇಳಿದಾಗ, ತಿದ್ದಬೇಕಾದುದು ಸಾಮಾನ್ಯವಾಗಿ ಲೆಕ್ಕವನ್ನು. ಸಂಶಯವು ಉಳಿದರೆ, ನಿಂತು ಮತ್ತೊಮ್ಮೆ ಅಳೆಯಬೇಕು. ಎರಡರ ಅಂತರವನ್ನೇ ಸೆಳವೆಂದು ಹಿಡಿದು ಲೆಕ್ಕಹಾಕಿದ್ದರೆ ಆ 23 ಮಂದಿ ಮನೆಗೆ ಮರಳುತ್ತಿದ್ದರು.

ಈಗಿನ ಕಾಲದಲ್ಲಿ ಉಪಗ್ರಹಗಳ ನೆರವಿನಿಂದ ಹಡಗಿನ ಸ್ಥಾನವನ್ನು ಕ್ಷಣಕ್ಷಣಕ್ಕೂ ತಿಳಿಸುವ ಜಿಪಿಎಸ್ ಮೊದಲಾದ ಸಾಧನಗಳು ಬಂದಿರುವುವು. ಮೂತಿಯು ಒಂದು ಕಡೆಗೂ ಹಡಗು ಇನ್ನೊಂದು ಕಡೆಗೂ ಹೋಗುತ್ತಿರುವುದು ಪರದೆಯ ಮೇಲೆಯೇ ಕಾಣುವುದು. ಆದರೂ ಆ ಸಂಕೇತಗಳಿಗೆ ಅಡ್ಡಿಯುಂಟಾಗುವುದುಂಟು. ಯಂತ್ರವು ಕೆಡುವುದೂ ಉಂಟು. ಆದುದರಿಂದ ಇಂದಿಗೂ ನಾವಿಕ ವಿದ್ಯಾರ್ಥಿಗಳಿಗೆ ದಡದ ಗುರುತನ್ನು ನೋಡಿ ಅಳೆಯುವುದನ್ನು ಕಲಿಸದೆ ಬಿಡುವುದಿಲ್ಲ.

ಸಂದೇಹವನ್ನು ಕೇಳಿದ ಗೃಹಸ್ಥರಿಗೆ ಇಷ್ಟರಿಂದ ಸಮಾಧಾನವಾಗಿರಬಹುದೆಂದು ನಂಬುವೆವು. ಮುಂದಿನ ಸಲ ಹೊಳೆಯನ್ನು ದೋಣಿಯಲ್ಲಿ ದಾಟುವ ಸಂದರ್ಭವು ಬಂದರೆ, ಮಕ್ಕಳಿಗೆ ಆಚೆಯ ದಡದ ಒಂದು ಮರವನ್ನೂ ಅದರ ಹಿಂದಿನ ಇನ್ನೊಂದು ಮರವನ್ನೂ ನೇರಕ್ಕೆ ಹಿಡಿದು ನೋಡಹೇಳಿರಿ. ನೀರು ತಮ್ಮನ್ನು ಎತ್ತ ಒಯ್ಯುತ್ತಿದೆಯೆಂದು ಅವರೇ ನಿಮಗೆ ಹೇಳುವರು. ಕಡಲಿನ ಉಬ್ಬರವಿಳಿತಗಳ ವಿಷಯವನ್ನು ಮುಂದಿನ ತಿಂಗಳು ಬರೆಯುವೆವು.